ಸುಲಹ ಕಮಿಟಿಯ ಮಳೆಗಾಲ

ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟ ವೀಳ್ಯದೆಲೆಯ ವಾಸನೆ ಬಂದರೆ ಬೇರೆಯವರಿಗೆ ಮದುವೆ ನೆನಪಾಗುತ್ತದೆ, ಹಬ್ಬ ನೆನಪಾಗುತ್ತದೆ. ನನಗೆ ನಸೀಮಾ ನೆನಪಾಗುತ್ತಾಳೆ. ನೆನಪಾದ ಕೂಡಲೇ ಹೊಟ್ಟೆಯೊಳಗೆ ಏನೋ ಚುರ್ ಎನ್ನುತ್ತದೆ. ಅದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆಂದು ನನಗೂ ಗೊತ್ತು. ಈ ವಯಸ್ಸಿನಲ್ಲಿ ಅದಕ್ಕೆ ಬೇರೆ ಚಂದದ ಹೆಸರು ಹುಡುಕುವ ಉಮೇದು ನನಗಿಲ್ಲ.

ಮೊನ್ನೆ ಮಗಳ ಮದುವೆಗೆ ಎಲೆ ತರಲು ಶಿಗ್ಗಾಂವಿಯಿಂದ ಸವಣೂರಿಗೆ ಹೋಗಿದ್ದೆ. ಶಿಗ್ಗಾಂವಿಯಲ್ಲಿ ಎಲೆ ಸಿಗುವುದಿಲ್ಲವೆಂದಲ್ಲ. ಬೀಗರು ಹಾನಗಲ್ಲಿನವರು, ಊಟವಾದ ಮೇಲೆ ಎಲೆಯಡಿಕೆ ಇಲ್ಲದಿದ್ದರೆ ಎದ್ದೇಳದ ಮಂದಿ. "ಎಲಿ ಮಾತ್ರ ಸವಣೂರದ್ದ ಇರ್ಲಿ" ಎಂದು ಮೊದಲೇ ಹೇಳಿ ಕಳಿಸಿದ್ದರು. ಬಸ್ಸಿಳಿದು ಎಲೆ ಬಜಾರಿನ ತಗಡಿನ ಚಪ್ಪರದ ಕೆಳಗೆ ಕಾಲಿಟ್ಟೆನೋ ಇಲ್ಲವೋ, ಅದೇ ವಾಸನೆ. ಮೇಲೆ ತಗಡಿನ ಮೇಲೆ ಜಿಟಿಜಿಟಿ ಮಳೆ. ಎಷ್ಟೋ ವರ್ಷಗಳ ಹಿಂದಿನ ಆ ಒಂದು ಮಳೆಗಾಲ ಇಡಿಯಾಗಿ ಎದುರು ಬಂದು ನಿಂತಿತು.

ಆಗ ನಾನು ಸವಣೂರಿನಲ್ಲೇ ಇದ್ದೆ. ಹುಟ್ಟಿದ್ದು ಮಾಸೂರು, ಪಿಯುಸಿವರೆಗೆ ಓದಿದ್ದು ಹಿರೇಕೆರೂರು, ಕೊಟ್ಟಿದ್ದು ಸವಣೂರಿಗೆ. ಮನೆಯ ಪಡಸಾಲೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದೆ. ಊರಿನ ಅರ್ಧ ಹೆಂಗಸರ ಬ್ಲೌಸಿನ ಅಳತೆ ನನಗೆ ಬಾಯಿಪಾಠ. ಯಾರ ಭುಜ ಎಷ್ಟು, ಯಾರ ಸೊಂಟ ಯಾವ ದೀಪಾವಳಿಗೆ ದಪ್ಪವಾಯಿತು, ಎಲ್ಲ ಗೊತ್ತು. ಆದರೆ ಒಬ್ಬಳೂ ನನ್ನೆದುರು ಮನಸ್ಸಿನ ಮಾತು ಆಡುತ್ತಿರಲಿಲ್ಲ. ಟೇಪು ಹಿಡಿದವಳ ಮುಂದೆ ಹೆಂಗಸರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅಳತೆ ಕೊಟ್ಟು ಮುಗಿದದ್ದೇ ತಡ, ಓಣಿಯ ತುದಿಯಲ್ಲಿದ್ದ ನಸೀಮಾಳ ಬಳೆ ಅಂಗಡಿಗೆ ಹೋಗಿ, ಕೈ ಅವಳಿಗೊಪ್ಪಿಸಿ, ಅತ್ತೆ, ಗಂಡ, ನಾದಿನಿ ಎಲ್ಲರ ಕತೆ ಬಿಚ್ಚುತ್ತಿದ್ದರು. ನಮ್ಮ ಪಡಸಾಲೆಗೆ ಅವರ ನಗು ಕೇಳುತ್ತಿತ್ತು.

ನಸೀಮಾ ನನ್ನದೇ ವಾರಗೆಯವಳು. ಗುಂಡುಗುಂಡಾದ ಹೆಂಗಸು, ಬಾಯಿ ತುಂಬ ಎಲೆ, ಮಾತು ತುಂಬ ನಗೆ. ಅವಳ ಮಾವ ಮೋದಿನಸಾಬರು ಸೈಕಲ್ಲಿಗೆ ಬಳೆಯ ಮಲಾರ ಕಟ್ಟಿಕೊಂಡು ಹತ್ತಿಮತ್ತೂರು, ದುಂಡಸಿ ಎಂದು ಊರೂರು ತಿರುಗಿ, ಅಜ್ಜಿಯರಿಂದ ಮೊಮ್ಮಕ್ಕಳವರೆಗೆ ಎಲ್ಲ ಹೆಂಗಸರ ಕೈಗೂ ಬಳೆ ಇಟ್ಟವರು. ಸೊಸೆಗೆ ಕಸುಬು ಕಲಿಸಿದವರೂ ಅವರೇ. ಅವಳು ಕೈಯನ್ನು ಮೆಲ್ಲಗೆ ಹಿಂಡಿ ಹಿಂಡಿ, ಮಾತಾಡುತ್ತಾ ಆಡುತ್ತಾ, ನಮಗೆ ಗೊತ್ತಾಗುವುದರೊಳಗೆ ಡಜನ್ ಬಳೆ ಏರಿಸಿಬಿಡುತ್ತಿದ್ದಳು. ನನ್ನ ಕೈಬಳೆಗಳೂ ಅವಳು ಇಟ್ಟವೇ. ಬೇರೆ ಯಾರಾದರೂ ಇಟ್ಟರೆ ಒಂದಾದರೂ ಚಟ್ ಎನ್ನುತ್ತಿತ್ತು, ಅವಳ ಕೈಯಲ್ಲಿ ಒಂದೂ ಒಡೆಯುತ್ತಿರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಆ ವರ್ಷ ಮುಂಗಾರಿಗೆ ಮುಂಚೆ ಪುರಸಭೆಯವರು ಮಹಿಳಾ ಸಲಹಾ ಸಮಿತಿ ಮಾಡಿದರು. ಊರಿನ ಹೆಣ್ಣುಮಕ್ಕಳಿಗೆ ಓಡಾಡಲು, ದುಡಿಯಲು, ಮಾರಲು, ಕೊಳ್ಳಲು ಎಲ್ಲೆಲ್ಲಿ ಅಡ್ಡಿಯಿದೆ ಎಂದು ನೋಡಿ ಪುರಸಭೆಗೆ ಸಲಹೆ ಕೊಡುವುದು ನಮ್ಮ ಕೆಲಸ. ಸಂಬಳವಿಲ್ಲ, ಅಧಿಕಾರವಿಲ್ಲ, ಸಭೆಯಲ್ಲಿ ಚಹಾ ಮತ್ತು ಸವಣೂರ ಖಾರಾ ಉಂಟು. ನಾನು, ನಸೀಮಾ, ಒಬ್ಬ ನರ್ಸಮ್ಮ, ಅಂಗನವಾಡಿಯ ಅಕ್ಕ, ಸ್ವಸಹಾಯ ಸಂಘದ ಇಬ್ಬರು. ಅಧ್ಯಕ್ಷೆ ನಾನೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನಾಲ್ಕು ಸಾಲು ನೆಟ್ಟಗೆ ಬರೆಯಲು, ಅಧಿಕಾರಿಗಳ ಮುಂದೆ ನಿಂತು ಮಾತಾಡಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಆ ದಿನಕ್ಕೆಂದೇ ಸೀರೆಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದೆ.

"ಅಧ್ಯಕ್ಷರು ಯಾರ ಆಗ್ಬೇಕ್ರಿ?" ಎಂದು ಮುಖ್ಯಾಧಿಕಾರಿ ಕೇಳಿ ಬಾಯಿ ಮುಚ್ಚುವ ಮೊದಲೇ ಅಂಗನವಾಡಿಯ ಅಕ್ಕ, "ನಮ್ಮ ನಸೀಮವ್ವ ಇರ್ಲಿ ಬಿಡ್ರಿ" ಎಂದಳು. ಎಲ್ಲ ಕೈಗಳೂ ಝಣ್ ಎಂದು ಮೇಲೆದ್ದವು. ಒಬ್ಬಳೇ ಕೈ ಕಟ್ಟಿ ಕೂತರೆ ಚೆನ್ನಾಗಿರುವುದಿಲ್ಲವೆಂದು ನಾನೂ ಎತ್ತಿದೆ. ಸದ್ದು ಮಾಡಿದ ಬಳೆಗಳು ನನ್ನ ಕೈಯಲ್ಲೂ ಅವಳವೇ ಆಗಿದ್ದವು. ಮನೆಗೆ ಬಂದು ಆ ಸೀರೆ ಬಿಚ್ಚಿ ಟ್ರಂಕಿನ ತಳಕ್ಕೆ ಹಾಕಿದೆ. ಮತ್ತೆ ಉಟ್ಟಿಲ್ಲ.

ಸಮಿತಿಗೆ ಬಜಾರಿನ ಹತ್ತಿರ ಒಂದು ಖೋಲಿ ಕೊಟ್ಟರು. ಬಾಗಿಲಿಗೆ ಬೋರ್ಡು ಬರೆಸುವ ಕೆಲಸ ನಸೀಮಾಳದು. ಅವಳು ಪೇಂಟರನಿಗೆ ಫೋನಿನಲ್ಲಿ ಹೇಳಿದಳು, ಅವನು ತನ್ನ ಕಿವಿಗೆ ಬಿದ್ದದ್ದನ್ನು ಬರೆದ. ಹೋಗಿ ನೋಡಿದರೆ ದಪ್ಪ ನೀಲಿ ಅಕ್ಷರದಲ್ಲಿ 'ಮಹಿಳಾ ಸುಲಹ ಸಮಿತಿ' ಎಂದಿದೆ. ಸವಣೂರಿನಲ್ಲಿ ಮನೆಮನೆಗೂ ಉರ್ದು. ಸುಲಹ ಎಂದರೆ ಜಗಳ ಮುರಿದು ರಾಜಿ ಮಾಡಿಸುವುದು. ನಾವು ಕೊಡಬೇಕಿದ್ದದ್ದು ಸಲಹೆ, ಊರಿಗೆ ಕಂಡದ್ದು ಸುಲಹ. ಮಾರನೆಯ ದಿನವೇ ಒಬ್ಬ ಮುದುಕ ಹೆಂಡತಿಯನ್ನು ಕರೆದುಕೊಂಡು ಬಂದ. "ಈಕಿ ನನ್ನ ಕೂಡ ಮಾತ ಬಿಟ್ಟಾಳ್ರಿ. ಸುಲಾ ಮಾಡಸ್ರಿ" ಎಂದ. ನಾನು ಅವನಿಗೆ ಸಮಿತಿಯ ಉದ್ದೇಶ ವಿವರಿಸುತ್ತಿದ್ದೆ. ಅಷ್ಟರಲ್ಲಿ ನಸೀಮಾ ಮುದುಕಿಯ ಕೈ ಹಿಡಿದು ಒಳಗೆ ಕೂರಿಸಿ, "ಏನ ಅಂದ ಅಂವಾ, ನನಗ ಹೇಳವ್ವಾ" ಎನ್ನುತ್ತಿದ್ದಳು.

ನಾನು ಪೇಂಟರನನ್ನು ಕರೆಸಿ, ಎದುರು ನಿಂತು, 'ಸಲಹಾ' ಎಂದು ತಿದ್ದಿಸಿದೆ. ಬೋರ್ಡು ತಿದ್ದಿದ್ದಾಯಿತು, ಊರಿನ ಬಾಯಿ ತಿದ್ದಲಾಗಲಿಲ್ಲ. ಎಲ್ಲರಿಗೂ ಅದು ಸುಲಹ ಕಮಿಟಿಯೇ. ಸ್ವಲ್ಪ ದಿನ ಹೋದ ಮೇಲೆ ಅದೂ ಹೋಗಿ ನಸೀಮವ್ವನ ಕಮಿಟಿ ಆಯಿತು. ಬಾಗಿಲ ಮುಂದೆ ಹೆಂಗಸರ ಚಪ್ಪಲಿಗಳ ರಾಶಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಚಪ್ಪಲಿಗಳಲ್ಲಿ ಒಂದು ಜೊತೆಯಾದರೂ ನನಗಾಗಿ ಬಂದದ್ದಾಗಿರಬಾರದೇ ಎನ್ನಿಸುತ್ತಿತ್ತು.

ಫಕೀರವ್ವ ನನಗಾಗಿ ಬಂದವಳು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆಮೇಲೆ ಇದು ಎಲ್ಲರಿಗೂ ಮರೆತುಹೋಯಿತು. ಹತ್ತಿಮತ್ತೂರಿನ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಎಲೆಬಳ್ಳಿಯ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಬ್ಲೌಸಿಗೆ ಅಳತೆ ಕೊಡಲು ಬಂದವಳು, ನಾನು ತೋಳಿಗೆ ಟೇಪು ಸುತ್ತಿದಾಗ ತಟ್ಟನೆ ಅತ್ತುಬಿಟ್ಟಳು. ನನ್ನ ಟೇಪಿನ ಮುಂದೆ ಬಾಯಿ ಬಿಟ್ಟ ಮೊದಲ ಹೆಂಗಸು ಅವಳು.

"ಅಕ್ಕಾರ, ತ್ವಾಟ ನಂದು. ನೀರು ಹಾಯಿಸಾಕಿ ನಾ, ಬಳ್ಳಿ ಕಟ್ಟಾಕಿ ನಾ, ಎಲಿ ಕೊಯ್ಯಾಕಿ ನಾ. ಬಜಾರಕ್ಕ ಬಂದ್ರ ಕೈ ಮಾತ್ರ ಮೈದುನಂದು. ಟಾವೆಲ್ ಕೆಳಗ ಏನ ಮಾತಾತು ಅಂತ ಕೇಳಿದ್ರ, ಗಂಡಸರ ಮಾತು ನಿನಗ್ಯಾಕ ಅಂತಾನ. ಈಗ ಹಿರ್ಯಾರ ಮುಂದ ಬ್ಯಾರೇನ ಹೇಳಾಕತ್ತಾನ. ಮಾರಾಕ ಬರದಾಕಿಗೆ ತ್ವಾಟ ಯಾಕ, ನನಗ ಬಿಟ್ಟು ಕೊಡ್ರಿ ಅಂತ. ದಸರಿಗೆ ಹಿರ್ಯಾರು ಕುಂಡ್ರತಾರಂತ್ರಿ."

ಅವಳು ಹೇಳಿದ ಟವೆಲ್ಲಿನ ಸಂಗತಿ ಹೀಗಿದೆ. ಆ ಬಜಾರಿನಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನ ಕೈ, ಕೊಳ್ಳುವ ದಲಾಲನ ಕೈ, ಎರಡರ ಮೇಲೂ ಒಂದು ಟವೆಲ್. ಒಳಗೆ ಬೆರಳು ಹಿಡಿದು, ಒತ್ತಿ, ಮಡಿಸಿ ದರ ಕೇಳುತ್ತಾರೆ, ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಹೆಂಗಸರು ಬರಬಾರದೆಂದು ಯಾರೂ ಕಾನೂನು ಮಾಡಿರಲಿಲ್ಲ. ಪರ ಗಂಡಸಿನ ಕೈ ಹಿಡಿಯುವುದು ಹೇಗೆ ಎಂಬ ಒಂದೇ ಮಾತಿಗೆ ಅವರು ತಾವಾಗಿ ಹೊರಗೇ ಉಳಿದಿದ್ದರು.

ಇದು ನನ್ನ ಕೇಸು ಎಂದುಕೊಂಡೆ. ಇನ್ನು ಊರಿಗೆ ಗೊತ್ತಾಗಲಿ ಸಲಹೆ ಎಂದರೆ ಏನೆಂದು. ಟವೆಲ್ ವ್ಯಾಪಾರ ನಿಲ್ಲಬೇಕು, ಎಲ್ಲರ ಎದುರು ಬಾಯಿಬಿಟ್ಟು ಕೂಗಿ ಹರಾಜು ನಡೆಯಬೇಕು, ಹೆಣ್ಣಾಗಲಿ ಗಂಡಾಗಲಿ ಯಾರು ಬೇಕಾದರೂ ಕೂಗಬಹುದು ಎಂದು ಸಮಿತಿಯ ಸಲಹೆಯನ್ನು ನಾನೇ ಬರೆದೆ. ಇವತ್ತಿಗೂ ಹೇಳುತ್ತೇನೆ, ಅದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಪುರಸಭೆಯವರು ಒಪ್ಪಿ, ಅದನ್ನು ನೋಟಿಸು ಮಾಡಿ ಬಜಾರಿನ ಗೋಡೆಗೆ ಅಂಟಿಸಿದರು. ನಾನು ಕೊಡೆ ಹಿಡಿದು ನೋಡಲು ಹೋದೆ. ಅಷ್ಟರಲ್ಲಿ ಜೋರು ಮಳೆ ಹಿಡಿದಿತ್ತು. ದಲಾಲರು ನೋಟಿಸಿನ ಮೇಲೆಯೇ ಹಗ್ಗ ಕಟ್ಟಿ, ಸಾಲಾಗಿ ತಮ್ಮ ಒದ್ದೆ ಟವೆಲ್ಲುಗಳನ್ನು ಒಣಹಾಕಿದ್ದರು.

"ಓದಿದ್ರೇನ್ರಿ?" ಎಂದು ಹಿರಿಯ ದಲಾಲ ಬಸಣ್ಣನನ್ನು ಕೇಳಿದೆ.

"ಓದೇವಲ್ರೀ ಮೇಡಮ್ಮಾರ. ಸಲಹಾ ಅಂತ ಬರದೀರಿ. ಕೇಳಿದ್ರ ಕೇಳಬೇಕು, ಬಿಟ್ರ ಬಿಡಬೇಕು. ನಾವು ಬಿಟ್ಟೇವಿ" ಎಂದು ನಯವಾಗಿ ಹೇಳಿ ಬಸಣ್ಣ ಇನ್ನೊಬ್ಬನ ಕೈಯನ್ನು ಟವೆಲ್ಲಿನ ಕೆಳಗೆ ಎಳೆದುಕೊಂಡ.

ಆ ವಾರ ಫಕೀರವ್ವ ನಸೀಮಾಳ ಅಂಗಡಿಯಲ್ಲಿ ಕೂತಿದ್ದನ್ನು ನಾನು ನಮ್ಮ ಕಿಟಕಿಯಿಂದ ನೋಡಿದೆ. ಕೈ ಚಾಚಿ ಕೂತಿದ್ದಳು, ನಸೀಮಾ ಆ ಕೈ ಹಿಡಿದುಕೊಂಡಿದ್ದಳು. ಬಳೆ ಇಡುತ್ತಿರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. ನನ್ನ ಕೇಸನ್ನು ನನ್ನ ಕಣ್ಣೆದುರೇ ಎತ್ತಿಕೊಂಡು ಹೋದಂತೆ ನನಗನ್ನಿಸಿತು. ಅಂದು ಮಷೀನಿನ ಮೇಲೆ ಕೂತು ಒಂದೇ ತೋಳನ್ನು ಎರಡು ಸಲ ತಿರುವುಮುರುವಾಗಿ ಹೊಲಿದು ಬಿಚ್ಚಿದೆ.

ನಸೀಮಾ ನೋಟಿಸು ಕಳಿಸಲಿಲ್ಲ. ದಲಾಲರಿಗೂ, ಮೈದುನನಿಗೂ, ಹತ್ತಿಮತ್ತೂರಿನ ಹಿರಿಯರಿಗೂ, "ಸುಲಹ ಐತಿ, ಅಂಗಡಿ ಕಡೆ ಬರ್ರಿ" ಎಂದು ಹೇಳಿಕಳಿಸಿದಳು. ಸಲಹೆ ಎಂದಿದ್ದರೆ ಒಬ್ಬರೂ ಬರುತ್ತಿರಲಿಲ್ಲ. ಸುಲಹಕ್ಕೆ ಕರೆದಾಗ ಬಾರದೆ ಇರುವುದು ಆ ಸೀಮೆಯಲ್ಲಿ ಅವಮಾನ. ಒಂದು ಮಧ್ಯಾಹ್ನ ಮಳೆ ಹೊಯ್ಯುತ್ತಿರುವಾಗ ಎಲ್ಲರೂ ಬಳೆ ಅಂಗಡಿಯ ಕಟ್ಟೆಯ ಮೇಲೆ ಮೈ ಮುದುರಿಕೊಂಡು ಬಂದು ಕೂತರು. ಮೋದಿನಸಾಬರು ಒಳಗೆ ಬಳೆ ಒರೆಸುತ್ತಿದ್ದರು. ನಾನೂ ಹೋದೆ. ಸಲಹೆ ಬರೆದವಳು ನಾನಲ್ಲವೇ.

ಬಸಣ್ಣನೇ ಮಾತು ತೆಗೆದ. "ನಸೀಮವ್ವ, ನಮಗೇನ ಹಟ ಇಲ್ಲ. ಆದ್ರ ಹೆಣಮಗಳ ಕೈ ಹೆಂಗ ಹಿಡಿಯೂಣ ಹೇಳು. ಮರ್ಯಾದಿ ಅಂತ ಒಂದ ಇರ್ತೈತಿ."

"ಖರೇ ಮಾತು" ಎಂದಳು ನಸೀಮಾ. "ಬಸಣ್ಣ, ನಿನ್ನ ಹೇಣ್ತಿಗೆ ಸೀಮಂತದಾಗ ಬಳಿ ಇಟ್ಟಾವ್ರು ಯಾರು?"

"ನಿಮ್ಮ ಮಾವಾರು."

"ಕೈ ಹಿಡದು ಇಟ್ರೋ, ದೂರ ನಿಂತು ಒಗದ್ರೋ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬಸಣ್ಣನೂ ನಕ್ಕ. "ಬಳಿಗಾರನ ಕೈ ಮಾತು ಬ್ಯಾರೆವಾ. ಅದಕ್ಕ ಯಾರೂ ಏನೂ ಅನ್ನಂಗಿಲ್ಲ."

"ನಾನೂ ಅದನ್ನ ಹೇಳಾಕತ್ತೇನಿ. ಬಳಿಗಾರನ ಕೈಗೆ ಯಾರೂ ಏನೂ ಅನ್ನಂಗಿಲ್ಲ. ಹಂಗಾರ ಆ ಕೈ ನಡಕ ಇರ್ಲಿ. ನಮ್ಮ ಮಾವ ಬಜಾರದಾಗ ಬಂದು ಕುಂಡ್ರತಾರ. ಬಲಗೈ ನಿನ್ನ ಟಾವೆಲ್ ಕೆಳಗ, ಎಡಗೈ ಫಕೀರವ್ವನ ಟಾವೆಲ್ ಕೆಳಗ. ನೀ ಏನ ಒತ್ತತಿ, ಅದನ್ನ ಆಕಿಗೆ ಒತ್ತತಾರ. ಆಕಿ ಏನ ಒತ್ತತಾಳ, ಅದನ್ನ ನಿನಗ."

ಹಿರಿಯರು ತಲೆಯಾಡಿಸತೊಡಗಿದರು. ನನಗೆ ತಡೆಯಲಾಗಲಿಲ್ಲ. "ಇದೇನ ನಸೀಮಾ? ಮೈದುನನ ಕೈ ತಗದು ಇನ್ನೊಬ್ಬ ಗಂಡಸಿನ ಕೈ ಇಟ್ಟಂಗಾತು. ಇದಕ್ಕ ಸಮಾನತೆ ಅಂತಾರೇನ? ಟಾವೆಲ್ಲ ಹೋಗಬೇಕು."

"ಹೋಗ್ತೈತಿ ಗಿರಿಜಾ, ತಾನ ಹೋಗ್ತೈತಿ. ಮೊದ್ಲ ಆಕಿ ಕೈ ಒಳಗ ಹೋಗ್ಲಿ" ಎಂದಳು. ನಾನು ಫಕೀರವ್ವನ ಕಡೆ ನೋಡಿದೆ. ನನ್ನ ಮುಂದೆ ಮೊದಲು ಅತ್ತವಳು, ಈಗ ನನ್ನ ಕಡೆ ನೋಡದೆ ನಸೀಮಾಳ ಮಾತಿಗೆ ತಲೆಯಾಡಿಸಿದಳು. ನಾನು ಹೇಳಿದ್ದು ಸರಿಯಾಗಿತ್ತು, ಅವಳು ಹೇಳಿದ್ದು ನಡೆಯುವಂತಿತ್ತು. ಎರಡರಲ್ಲಿ ಯಾವುದು ದೊಡ್ಡದೆಂದು ಆ ಕಟ್ಟೆಯ ಮೇಲೆ ಯಾರೂ ಕೇಳಲಿಲ್ಲ.

ಮುಂದಿನ ಸಂತೆಯ ದಿನ ಬಜಾರಿಗೆ ಬಜಾರೇ ಸುತ್ತ ನಿಂತಿತ್ತು. ಮೋದಿನಸಾಬರು ಬಿಳಿ ಟೊಪ್ಪಿಗೆ ಹಾಕಿ, ಎಲೆಯ ಪೆಂಡಿಗಳ ನಡುವೆ ಮಣೆಯ ಮೇಲೆ ಕೂತರು. ಬಲಕ್ಕೆ ಬಸಣ್ಣ, ಎಡಕ್ಕೆ ಫಕೀರವ್ವ, ಎರಡು ಟವೆಲ್ಲು. ಬೆರಳಿನ ಲೆಕ್ಕವನ್ನು ಅಜ್ಜ, ಫಕೀರವ್ವ ಇಬ್ಬರೂ ಅಷ್ಟರಲ್ಲಿ ಕಲಿತುಕೊಂಡಿದ್ದರು. ಅಜ್ಜ ಕಣ್ಣು ಮುಚ್ಚಿಕೊಂಡರು. ಬಸಣ್ಣ ಏನೋ ಒತ್ತಿರಬೇಕು. ಅದು ಅಜ್ಜನ ಬಲಗೈಯಿಂದ ಎಡಗೈಗೆ ಹೋಗಿ ಫಕೀರವ್ವನನ್ನು ಮುಟ್ಟಿದಾಗ ಅವಳು ಹುಬ್ಬು ಗಂಟಿಕ್ಕಿದಳು. ಒಲ್ಲೆ ಎಂದು ತಲೆ ಅಲ್ಲಾಡಿಸಿದಳು. ಬಸಣ್ಣ ಮತ್ತೆ ಒತ್ತಿದ. ಮತ್ತೆ ಒಲ್ಲೆ. ಅವನ ಹಣೆಯ ಮೇಲೆ ಬೆವರೋ ಮಳೆನೀರೋ ಇಳಿಯಿತು. ಕೊನೆಗೆ ಫಕೀರವ್ವನ ಮುಖ ನಿಧಾನವಾಗಿ ಅರಳಿತು. ಅಜ್ಜ ಕಣ್ಣು ತೆರೆದು "ಆತು" ಎಂದರು.

ಮೈದುನ ಹೊರಗೆ ನಿಂತು ಆ ಟವೆಲ್ಲನ್ನೇ ದಿಟ್ಟಿಸುತ್ತಿದ್ದ. ಒಳಗೆ ಏನು ನಡೆಯಿತೆಂದು ಮೊದಲ ಸಲ ಅವನಿಗೆ ಗೊತ್ತಿರಲಿಲ್ಲ. ಅದನ್ನು ನೋಡಿ ನನಗೂ ಚಪ್ಪಾಳೆ ತಟ್ಟಬೇಕೆನ್ನಿಸಿತು. ಆದರೆ ಜನ ನಸೀಮಾಳನ್ನು ಸುತ್ತುವರಿದಿದ್ದರು. ನಾನು ಕೊಡೆ ಬಿಚ್ಚಿಕೊಂಡು ಮನೆಗೆ ಬಂದೆ.

ದಸರೆಗೆ ಹಿರಿಯರು ಕೂತರು. ಮಾರಲು ಬರದವಳೆಂಬ ಮಾತನ್ನು ಮೈದುನ ಎತ್ತುವಂತಿರಲಿಲ್ಲ. ತೋಟ ಫಕೀರವ್ವನಿಗೇ ಉಳಿಯಿತು. ಮಾರನೆಯ ದಿನ ಅವಳು ಎಳೆಯ ಎಲೆಯ ದೊಡ್ಡ ಪೆಂಡಿಯೊಂದನ್ನು ತಲೆಯ ಮೇಲೆ ಹೊತ್ತು ನಮ್ಮ ಓಣಿಗೆ ಬಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನನ್ನು ನೋಡಿ ನಕ್ಕು, ಮುಂದೆ ಹೋಗಿ, ಪೆಂಡಿಯನ್ನು ನಸೀಮಾಳ ಅಂಗಡಿಯಲ್ಲಿ ಇಳಿಸಿದಳು. ಬರುವಾಗ ನನ್ನಲ್ಲಿಗೂ ಬಂದಳು. ಕೈಯಲ್ಲಿ ಬ್ಲೌಸ್ ಪೀಸು.

"ಅಕ್ಕಾರ, ತೋಳು ಚೂರು ಸಡ್ಲ ಹೊಲೀರಿ. ಟಾವೆಲ್ ಕೆಳಗ ಕೈ ಆಡಬೇಕ್ರಿ."

ಆ ಮಾತು ಕೇಳಿ ಖುಷಿಪಡಬೇಕಿತ್ತು. ಆಗಲಿಲ್ಲ. ಪೆಂಡಿ ನಸೀಮಾಳಿಗೆ, ಬ್ಲೌಸ್ ಪೀಸು ನನಗೆ. ಆದರೂ ಹೊಲಿದೆ, ತೋಳು ಸಡಿಲವಾಗಿಯೇ ಇಟ್ಟೆ.

ಮುಂದಿನ ವರ್ಷ ನಮ್ಮವರ ಕೆಲಸ ಶಿಗ್ಗಾಂವಿಗೆ ಹೋಯಿತು, ನನ್ನ ಮಷೀನೂ ಹೋಯಿತು. ಬೀಳ್ಕೊಡುವಾಗ ನಸೀಮಾ ಅತ್ತಳು, ನಾನು ಅಳಲಿಲ್ಲ. ಆಮೇಲೆ ಸವಣೂರಿಗೆ ಬಂದದ್ದೇ ಮೊನ್ನೆ.

ಬಜಾರು ಹಾಗೆಯೇ ಇದೆ. ಟವೆಲ್ ಹೋಗಿಲ್ಲ, ತಾನೇ ಹೋಗುತ್ತದೆ ಎಂದಿದ್ದ ನಸೀಮಾಳ ಮಾತು ಸುಳ್ಳಾದದ್ದನ್ನು ನೋಡಿ ನನಗೆ ಸ್ವಲ್ಪ ಸಮಾಧಾನವೇ ಆಯಿತು. ಆದರೆ ಪೆಂಡಿಗಳ ಮುಂದೆ ಅಲ್ಲಲ್ಲಿ ಹೆಂಗಸರು ಕೂತಿದ್ದರು. ಹೆಗಲ ಮೇಲೆ ಅವರವೇ ಟವೆಲ್ಲು. ಒಬ್ಬ ದಲಾಲ ಬಂದು ಒಬ್ಬಳ ಟವೆಲ್ಲಿನೊಳಗೆ ಕೈ ಹಾಕಿದ, ನಡುವೆ ಯಾರೂ ಇರಲಿಲ್ಲ, ಯಾರೂ ತಿರುಗಿಯೂ ನೋಡಲಿಲ್ಲ. ಮೋದಿನಸಾಬರು ತೀರಿಹೋಗಿದ್ದರು. ಅವರ ಮಣೆಯ ಮೇಲೆ ನಸೀಮಾ ಕೂತಿದ್ದಳು, ಮೊದಲಿಗಿಂತ ದಪ್ಪವಾಗಿ. ಬಳೆ ಅಂಗಡಿ ಸೊಸೆಗೆ ಬಿಟ್ಟು ಈಗ ಸ್ವತಃ ಎಲೆ ಕೊಂಡು ಮಾರುವ ದಲಾಲಳಾಗಿದ್ದಾಳೆ.

"ಯಾರವಾ ಇದು, ನಮ್ಮ ಸಲಹಾ ಮೇಡಮ್ಮು!" ಎಂದು ಚಪ್ಪರ ಹಾರುವಂತೆ ಕೂಗಿದಳು. "ಬಾ, ಕುಂಡ್ರ ಬಾ. ಮಗಳ ಮದುವಿ ಅಂತ ಕೇಳೇನಿ. ಎಲಿ ನಾ ಕೊಡ್ತೇನಿ, ಕೈ ಕೊಡಿಲ್ಲೆ." ಹೆಗಲ ಟವೆಲ್ ಎಳೆದು ನಮ್ಮಿಬ್ಬರ ಕೈ ಮೇಲೆ ಹಾಕಿದಳು.

ಜೀವಮಾನದಲ್ಲಿ ನಾನು ಟವೆಲ್ಲಿನ ಕೆಳಗೆ ಕೈ ಇಟ್ಟದ್ದು ಅದೇ ಮೊದಲು. ಬೆರಳಿನ ಲೆಕ್ಕ ಫಕೀರವ್ವನಿಂದ ಕೇಳಿ ಗೊತ್ತಿತ್ತು. ಅದೇ ಮೆತ್ತನೆಯ, ಬೆಚ್ಚನೆಯ ಕೈ. ಬೆರಳು ಹಿಡಿದು ಒತ್ತಿದಳು. ಪುಕ್ಕಟೆ ಕೊಟ್ಟಷ್ಟು ಕಡಿಮೆ ದರ. ನನ್ನ ಮೇಲೆ ಉಪಕಾರ ಹೊರಿಸುವ ದರ. ಅಷ್ಟು ವರ್ಷಗಳ ಹೊಟ್ಟೆಕಿಚ್ಚು ಒಮ್ಮೆಲೇ ಎದ್ದು ಎದೆಗೆ ಬಂತು. ಈಗಲೂ ಇವಳೇ ಕೊಡುವವಳು, ಈಗಲೂ ನಾನೇ ಕೈ ಚಾಚಿದವಳು.

ನಾನು ಉತ್ತರ ಒತ್ತುವ ಮೊದಲೇ ಅವಳ ಹೆಬ್ಬೆರಳು ಅಭ್ಯಾಸಬಲದಿಂದ ನನ್ನ ಮುಂಗೈಗೆ ಜಾರಿತು. ಮದುವೆಗೆಂದು ನಾನು ಕೈತುಂಬ ಹಸಿರು ಬಳೆ ಇಡಿಸಿಕೊಂಡಿದ್ದೆ. ಹೆಬ್ಬೆರಳು ಒಂದು ಬಳೆಯನ್ನು ಸವರಿತು, ಇನ್ನೊಂದನ್ನು ಸವರಿತು, ನಿಂತಿತು. ನಸೀಮಾಳ ಬಾಯಲ್ಲಿದ್ದ ಎಲೆಯೂ ನಿಂತಿತು.

"ಇವು ನಮ್ಮ ಅಂಗಡಿಯವಲ್ಲ" ಎಂದಳು.

"ಅಲ್ಲ."

"ಯಾರ ಇಟ್ರು?"

"ಶಿಗ್ಗಾಂವ್ಯಾಗ ಒಬ್ಬಾಕಿ ಅದಾಳ" ಎಂದೆ. "ಈಗೆಲ್ಲ ಆಕಿನ ಇಡ್ತಾಳ. ಕೈ ಭಾಳ ಮೆತ್ತಗ. ಒಂದೂ ಒಡದಿಲ್ಲ ನೋಡು."

ಊರಿನ ಎಲ್ಲ ಹೆಂಗಸರ ಕೈ ಹಿಡಿದವಳು, ಇಷ್ಟು ವರ್ಷ ನಾನು ನೋಡಿರದ ಒಂದು ಮುಖ ಮಾಡಿಕೊಂಡು ಚಪ್ಪರದಾಚೆಯ ಮಳೆಯನ್ನು ನೋಡಿದಳು. ಆ ಮುಖದ ಗುರುತು ನನಗೆ ತಕ್ಷಣ ಸಿಕ್ಕಿತು. ಕನ್ನಡಿಯಲ್ಲಿ ಎಷ್ಟು ಸಲ ನೋಡಿದ್ದೆ. ಟವೆಲ್ಲಿನ ಕೆಳಗೆ ಅವಳ ಬೆರಳುಗಳು ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದವು. ದರ ಏರಿತು. ಮತ್ತೊಮ್ಮೆ ಒತ್ತಿದಳು, ಇನ್ನೂ ಏರಿತು. ಇಡೀ ಬಜಾರಿನಲ್ಲಿ ಅಂದು ಯಾರೂ ಕೇಳಿರದಷ್ಟು ಏರಿತು.

ನಾನು ಒಂದು ಮಾತೂ ಚೌಕಾಶಿ ಮಾಡಲಿಲ್ಲ. ಅವಳ ಕೈ ಒತ್ತಿ "ಆತು" ಎಂದೆ.